ಕರಗಿದ ದೊರೆ, ಎರಕ ಹೊಯ್ದ ಮಕ್ಕಳು

ನ್ಯೂಯಾರ್ಕಿಗೆ ಹೋದ ನಮ್ಮವರೆಲ್ಲ ವಾಲ್ ಸ್ಟ್ರೀಟಿನ ಹತ್ತಿರ ನಿಂತಿರುವ ಕಂಚಿನ ಗೂಳಿಯ ಜೊತೆ ಒಂದು ಫೋಟೋ ತೆಗೆಸಿಕೊಂಡೇ ಬರುತ್ತಾರೆ. ಗೂಳಿಯ ಮುಂದೆ ಸದಾ ಸಾಲು. ಅದರ ಬಾಲದ ಹಿಂದೆ ಒಂದಷ್ಟು ಹೆಜ್ಜೆ ನಡೆದರೆ ಬೌಲಿಂಗ್ ಗ್ರೀನ್ ಎಂಬ ಪುಟ್ಟ ಉದ್ಯಾನ ಸಿಗುತ್ತದೆ. ನಮ್ಮ ಊರುಗಳ ಸರ್ಕಲ್ ಪಾರ್ಕಿನಷ್ಟೇ ದೊಡ್ಡದು. ನಡುವೆ ಕಾರಂಜಿ, ಸುತ್ತ ಬೆಂಚುಗಳು, ಮಧ್ಯಾಹ್ನದ ಡಬ್ಬಿ ಬಿಚ್ಚಿದ ಆಫೀಸಿನ ಮಂದಿ. ಆ ಉದ್ಯಾನದ ಕಬ್ಬಿಣದ ಬೇಲಿಯನ್ನು ಯಾರೂ ನೋಡುವುದಿಲ್ಲ. ನಾನು ನೋಡಲು ಹೋಗಿದ್ದೇ ಆ ಬೇಲಿಯನ್ನು.

ಬೇಲಿ ಹಾಕಿದ್ದು 1771ರಲ್ಲಿ. ಕಂಬಗಳ ತುದಿಯ ಮೇಲೆ ಕೈಯಾಡಿಸಿದರೆ ನುಣುಪಿಲ್ಲ, ಗರಗಸ ಆಡಿದ ಒರಟು ಸಿಗುತ್ತದೆ. ಅಲ್ಲಿದ್ದ ಅಲಂಕಾರದ ಮುಡಿಗಳನ್ನು ಜನ ಕತ್ತರಿಸಿ ಒಯ್ದರು. ಬೇಲಿ ಕಾಯಬೇಕಾಗಿದ್ದದ್ದು ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ಪ್ರತಿಮೆಯನ್ನು. ಕುದುರೆಯ ಮೇಲೆ ಕುಳಿತ ದೊರೆ, ರೋಮಿನ ಮಾರ್ಕಸ್ ಅರೇಲಿಯಸ್ ಪ್ರತಿಮೆಯ ಮಾದರಿ. ಲಂಡನ್ನಿನ ಶಿಲ್ಪಿ ಜೋಸೆಫ್ ವಿಲ್ಟನ್ ಮಾಡಿದ್ದು. ಕೆಳಗಿನಿಂದ ನೋಡಿದರೆ ಬಂಗಾರ. ಮೇಲಿನ ಮೆರುಗು ಬಿಟ್ಟರೆ ಒಳಗೆಲ್ಲ ಸೀಸ. ತೂಕ ಸುಮಾರು 4,000 ಪೌಂಡು ಎನ್ನುತ್ತಾರೆ, ನಮ್ಮ ಲೆಕ್ಕದಲ್ಲಿ 1,800 ಕಿಲೋ.

ಈ ಪ್ರತಿಮೆಯನ್ನು ದೊರೆ ಬಲವಂತವಾಗಿ ನಿಲ್ಲಿಸಿದ್ದಲ್ಲ. ಸ್ಟಾಂಪ್ ತೆರಿಗೆ ರದ್ದಾದ ಸಂತೋಷಕ್ಕೆ ನ್ಯೂಯಾರ್ಕಿನವರೇ ಕೃತಜ್ಞತೆಯಿಂದ ತರಿಸಿ 1770ರಲ್ಲಿ ನಿಲ್ಲಿಸಿಕೊಂಡದ್ದು. ಆರು ವರ್ಷ ಕಳೆದಿತ್ತು, ಅಷ್ಟೇ. 1776ರ ಜುಲೈ 9ರ ಸಂಜೆ ವಾಷಿಂಗ್ಟನ್ನರ ಸೈನಿಕರಿಗೆ ಸ್ವಾತಂತ್ರ್ಯ ಘೋಷಣೆಯನ್ನು ಓದಿ ಹೇಳಿದರು. ಕೇಳಿದ ಗುಂಪು ನೇರ ಇಲ್ಲಿಗೆ ಬಂದು ಹಗ್ಗ ಬಿಗಿದು ದೊರೆಯನ್ನೂ ಕುದುರೆಯನ್ನೂ ನೆಲಕ್ಕೆ ಕೆಡವಿತು. ಮರುದಿನ ವಾಷಿಂಗ್ಟನ್ ತಮ್ಮ ಸೈನಿಕರನ್ನು ಗದರಿಸಿದರು: ಉತ್ಸಾಹ ಸರಿ, ಗಲಭೆ ಸರಿಯಲ್ಲ, ಇಂಥದನ್ನು ಅಧಿಕಾರಿಗಳ ಪಾಲಿಗೆ ಬಿಡಬೇಕು ಎಂದು.

ದೊರೆಗಳ ಪ್ರತಿಮೆಯ ಗತಿ ನಮ್ಮ ನಗರಗಳಲ್ಲಿ ಇರುವವರಿಗೆ ಹೊಸದಲ್ಲ. ಮುಂಬಯಿಯ ಕಾಲಾ ಘೋಡಾದಲ್ಲಿ ಕುದುರೆಯೇರಿ ಕುಳಿತಿದ್ದ ಏಳನೆಯ ಎಡ್ವರ್ಡ್ 1965ರಲ್ಲಿ ಬೈಕುಲಾದ ರಾಣಿಬಾಗಿಗೆ ಹೋದ. ಬೀದಿಗೆ ಕುದುರೆಯ ಹೆಸರಷ್ಟೇ ಉಳಿಯಿತು. ದೆಹಲಿಯ ಇಂಡಿಯಾ ಗೇಟಿನ ಮಂಟಪದಲ್ಲಿದ್ದ ಐದನೆಯ ಜಾರ್ಜ್ ಊರಾಚೆಯ ಕೊರೊನೇಷನ್ ಪಾರ್ಕು ಸೇರಿದ. ಚೆನ್ನೈಯ ಮೌಂಟ್ ರೋಡಿನಲ್ಲಿ ಥಾಮಸ್ ಮನ್ರೋ ಮಾತ್ರ ರಿಕಾಪಿಲ್ಲದ ಕುದುರೆಯ ಮೇಲೆ ಇನ್ನೂ ಕೂತಿದ್ದಾನೆ. ನಾವು ದೊರೆಗಳನ್ನು ಜಾಗ ಬದಲಿಸಿದೆವು, ಇಲ್ಲವೇ ಇದ್ದಲ್ಲೇ ಬಿಟ್ಟೆವು. ನ್ಯೂಯಾರ್ಕಿನವರು ಮಾಡಿದ್ದೇ ಬೇರೆ. ಅವರಿಗೆ ಆ ಹೊತ್ತಿಗೆ ಎಲ್ಲಕ್ಕಿಂತ ಬೇಕಾಗಿದ್ದದ್ದು ಸೀಸ. ಯುದ್ಧ ಶುರುವಾಗಿತ್ತು, ಕೋವಿಗಳಿದ್ದವು, ಗುಂಡುಗಳಿರಲಿಲ್ಲ. ಜನ ಮನೆಯ ಕಿಟಕಿಯ ಗಾಜು ಹಿಡಿದ ಸೀಸದ ಪಟ್ಟಿಯನ್ನೂ ಬಿಡದೆ ಕಿತ್ತು ಕರಗಿಸುತ್ತಿದ್ದ ಕಾಲ. ಎದುರಿಗೆ 1,800 ಕಿಲೋ ಸೀಸ ಕುದುರೆಯ ರೂಪದಲ್ಲಿ ಬಿದ್ದಿತ್ತು.

ಚೂರು ಮಾಡಿದ ದೊರೆಯನ್ನು ದೋಣಿಯಲ್ಲಿ ನಾರ್ವಾಕ್ ಎಂಬ ರೇವಿಗೆ, ಅಲ್ಲಿಂದ ಎತ್ತಿನ ಗಾಡಿಗಳಲ್ಲಿ ಕನೆಕ್ಟಿಕಟ್‌ನ ಒಳನಾಡಿನ ಲಿಚ್‌ಫೀಲ್ಡಿಗೆ ಸಾಗಿಸಿದರು. ಕರಾವಳಿಯಲ್ಲಿ ಬ್ರಿಟಿಷ್ ಹಡಗುಗಳ ಭಯ. ಲಿಚ್‌ಫೀಲ್ಡ್ ಗುಡ್ಡಗಳ ನಡುವಿನ ಊರು, ಸಾಮಗ್ರಿ ಕೂಡಿಡಲು ಸುರಕ್ಷಿತ. ಎಲ್ಲ ಸೀಸವೂ ಅಲ್ಲಿಗೆ ತಲುಪಲಿಲ್ಲ. ತಲೆಯನ್ನು ದೊರೆಯ ಪಕ್ಷದವರು ಹಾರಿಸಿಕೊಂಡು ಹೋಗಿ ಇಂಗ್ಲೆಂಡಿಗೆ ಕಳಿಸಿದರು. ದಾರಿಯಲ್ಲಿ ವಿಲ್ಟನ್ ಎಂಬ ಊರಿನ ಬಳಿ ಒಂದಷ್ಟು ತುಂಡುಗಳು ಮಾಯವಾದವು. ಸುಮಾರು ನೂರು ವರ್ಷದ ಮೇಲೆ, 1871ರಲ್ಲಿ, ಅಲ್ಲಿನ ಜೌಗಿನಲ್ಲಿ ಕುದುರೆಯ ಬಾಲ ಸಿಕ್ಕಿತು. ಈಗ ಅದು ನ್ಯೂಯಾರ್ಕ್ ಹಿಸ್ಟಾರಿಕಲ್ ಸೊಸೈಟಿಯ ಸಂಗ್ರಹದಲ್ಲಿದೆ.

ಲಿಚ್‌ಫೀಲ್ಡಿಗೆ ನಾನು ಹೋದದ್ದು ಅಕ್ಟೋಬರಿನಲ್ಲಿ, ವಾಟರ್‌ಬರಿಯ ಬಳಿ ಇರುವ ಮಗಳ ಮನೆಯಿಂದ. ಅರ್ಧ ಗಂಟೆಯ ದಾರಿ. ನ್ಯೂಯಾರ್ಕಿನಿಂದ ನೇರ ಹೋಗುವವರಿಗೆ ಕಾರಿನಲ್ಲಿ ಎರಡು ಗಂಟೆಗೂ ಮೇಲೆ. ಆ ಊರಿಗೆ ರೈಲಿಲ್ಲ. ಮೇಪಲ್ ಎಲೆಗಳು ಕೆಂಪಾಗುವ ಆ ತಿಂಗಳು ಊರಿನಲ್ಲಿ ಪ್ರವಾಸಿಗರು ಹೆಚ್ಚು. ನಡುವೆ ಹಸಿರು ಬಯಲು, ಅದರ ಅಂಚಿಗೆ ಬಿಳಿ ಬಣ್ಣದ ಚರ್ಚು, ಬಯಲಿನಿಂದ ಹೊರಟ ಬೀದಿಗಳಲ್ಲಿ ಬಿಳಿಯ ಮರದ ಮನೆಗಳು. ದಕ್ಷಿಣದ ಬೀದಿಯಲ್ಲಿ ಟ್ಯಾಪಿಂಗ್ ರೀವ್ ಎಂಬ ವಕೀಲರು ನಡೆಸಿದ ಕಾನೂನು ಶಾಲೆಯ ಪುಟ್ಟ ಕಟ್ಟಡವಿದೆ. ಅಮೆರಿಕದ ಮೊದಲ ಕಾನೂನು ಶಾಲೆ ಎಂದು ಅದಕ್ಕೆ ಹೆಸರು. ಒಳಗೆ ಹೋಗಿ ನೋಡಬಹುದು. ಅಂಕಲ್ ಟಾಮ್‌ನ ಕಥೆ ಬರೆದ ಹ್ಯಾರಿಯೆಟ್ ಬೀಚರ್ ಸ್ಟೋವ್ ಹುಟ್ಟಿದ್ದೂ ಇದೇ ಊರಿನಲ್ಲಿ.

ಅದೇ ಬೀದಿಯಲ್ಲಿ ಆಲಿವರ್ ವಾಲ್ಕಾಟ್ ಎಂಬವರ ಮನೆ ಇದೆ. 1750ರ ದಶಕದ್ದು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 56 ಮಂದಿಯಲ್ಲಿ ಅವರೊಬ್ಬರು. ಮನೆ ಈಗಲೂ ಖಾಸಗಿ, ರಸ್ತೆಯಿಂದಲೇ ನೋಡಿ ಮುಂದೆ ಹೋಗಬೇಕು. ಈ ಮನೆಯ ಹಿತ್ತಲಿನ ಸೇಬಿನ ತೋಟದಲ್ಲಿ ಒಂದು ಗುಡಿಸಲು ಕಟ್ಟಿ, ಮನೆಯ ಯಜಮಾನರೇ ಸೌದೆ ಸೀಳುವ ಕೊಡಲಿಯಿಂದ ದೊರೆಯನ್ನು ಚೂರು ಮಾಡಿಕೊಟ್ಟರು ಎನ್ನುತ್ತದೆ ಮನೆತನದ ನೆನಪು. ಅಲ್ಲಿ ದೊರೆ ಕರಗಿದ, ಗುಂಡಾದ.

ಇಷ್ಟೇ ಆಗಿದ್ದರೆ ಇದೊಂದು ಚಮತ್ಕಾರದ ಕಥೆ. ಆ ಕಾಲದವರೂ ಹಾಗೇ ನಕ್ಕರು: ಕರಗಿದ ಮಹಾಪ್ರಭುವನ್ನೇ ಇನ್ನು ಅವರ ಸೈನಿಕರ ಮೇಲೆ ಹಾರಿಸಬಹುದು ಎಂದು ಎಬೆನೀಜರ್ ಹಜಾರ್ಡ್ ಎಂಬವರು ಜನರಲ್ ಗೇಟ್ಸ್‌ಗೆ ಕಾಗದ ಬರೆದರು. ಆದರೆ ವಾಲ್ಕಾಟರು ಲೆಕ್ಕದ ಮನುಷ್ಯ. ಯಾರು ಎಷ್ಟು ಮಾಡಿದರು ಎಂದು ಒಂದು ಪಟ್ಟಿ ಬರೆದಿಟ್ಟರು. ಆ ಪಟ್ಟಿ ಉಳಿದಿದೆ, ಊರಿನ ಇತಿಹಾಸದ ಪುಸ್ತಕಗಳಲ್ಲಿ ಅಚ್ಚಾಗಿದೆ. ಒಟ್ಟು 42,088. ಅದರೊಳಗಿನ ಹೆಸರುಗಳು ಹೀಗಿವೆ:

ಶ್ರೀಮತಿ ಮಾರ್ವಿನ್, 6,058.
ರೂತ್ ಮಾರ್ವಿನ್, 11,592.
ಲಾರಾ, 8,378.
ಮೇರಿ ಆನ್, 10,790.
ಫ್ರೆಡರಿಕ್, 936.

ಮಿಕ್ಕದ್ದು ಶ್ರೀಮತಿ ಬೀಚ್ ಮತ್ತು ಊರಿನ ಇತರರ ಪಾಲು. ಲಾರಾ, ಮೇರಿ ಆನ್, ಫ್ರೆಡರಿಕ್ ವಾಲ್ಕಾಟರ ಮಕ್ಕಳು. ಆ ಬೇಸಿಗೆಯಲ್ಲಿ ಲಾರಾಳಿಗೆ 14 ವರ್ಷ, ಮೇರಿ ಆನ್‌ಗೆ 11, ಫ್ರೆಡರಿಕ್‌ಗೆ 8. ಪಟ್ಟಿಯಲ್ಲಿ ಹಿಂದಿನ ಲೆಕ್ಕ, ಈಗಿನ ಲೆಕ್ಕ ಎಂದು ಎರಡು ಕಂತುಗಳಿವೆ. ಫ್ರೆಡರಿಕ್ ಮೊದಲ ಕಂತಿನಲ್ಲಿ 708 ಮಾಡಿದ, ಎರಡನೆಯದರಲ್ಲಿ 228. ಎಂಟು ವರ್ಷದ ಹುಡುಗನಿಗೆ ಬೇಜಾರು ಬಂದದ್ದು 250 ವರ್ಷದ ಮೇಲೂ ಆ ಅಂಕಿಯಲ್ಲಿ ಕಾಣುತ್ತದೆ. ಅವನ ಅಕ್ಕಂದಿರಿಗೆ ಬೇಜಾರು ಬಂದರೂ ಎದ್ದು ಹೋಗುವ ಹಾಗಿರಲಿಲ್ಲವೇನೋ. ಲಾರಾಳ ಎರಡೂ ಕಂತುಗಳು ನಾಲ್ಕು ಸಾವಿರದ ಮೇಲೆ.

10,790 ಎಂದರೆ ಎಷ್ಟು ಎಂದು ನನಗೆ ಅರ್ಥವಾದದ್ದು ಲಿಚ್‌ಫೀಲ್ಡಿನಲ್ಲಿ ಅಲ್ಲ, ಮಗಳ ಮನೆಯ ಪಕ್ಕದ ಶೆಡ್ಡಿನಲ್ಲಿ.

ಪಕ್ಕದ ಮನೆಯವರು ಎಪ್ಪತ್ತು ದಾಟಿದ ನಿವೃತ್ತ ಪ್ಲಂಬರ್. ಅವರ ತಂದೆಯೂ ಪ್ಲಂಬರ್. ಬಾಯಿಂದ ಮದ್ದು ತುಂಬುವ ಹಳೆಯ ಮಾದರಿಯ ಕೋವಿ ಅವರ ಹವ್ಯಾಸ. ಅಮೆರಿಕದಲ್ಲಿ ಇಂಥವರು ಬಹಳ. ಈ ಕೋವಿಗಳಿಗೆಂದೇ ಬೇಟೆಯ ಪ್ರತ್ಯೇಕ ದಿನಗಳಿವೆ. ನಮ್ಮ ಕೊಡಗು, ಮಲೆನಾಡಿನವರಿಗೆ ಈ ಕೋವಿಯ ಪರಿಚಯ ಹೇಳಬೇಕಾಗಿಲ್ಲ. ಕೇಪಿನ ಕೋವಿಯ ಮಾತು ಕೇಳದ ಹಳೆಯ ಮನೆ ಅಲ್ಲಿಲ್ಲ. ಕೈಲ್ ಪೊಳ್ದ್ ಹಬ್ಬದ ದಿನ ಕೊಡವರು ಕೋವಿಗೆ ತೋಕ್ ಪೂವಿಟ್ಟು ಪೂಜಿಸುತ್ತಾರೆ. ವಾಲ್ಕಾಟರ ಪಟ್ಟಿಯ ವಿಷಯ ನಾನು ಹೇಳಿದಾಗ ಅವರು, "ಶನಿವಾರ ಬನ್ನಿ, ಎರಕ ಹೊಯ್ಯುತ್ತೇನೆ, ನೋಡುವಿರಂತೆ" ಎಂದರು.

ಶೆಡ್ಡಿನ ಬಾಗಿಲು ಹಾರು ಹೊಡೆದಿತ್ತು. ಹೊರಗೆ ಕಾಂಕ್ರೀಟಿನ ಮೇಲೆ ಮೊಣಕಾಲೆತ್ತರದ ಒಂದು ಒಲೆ, ಅದರ ಮೇಲೆ ದಪ್ಪ ಕಬ್ಬಿಣದ ಪಾತ್ರೆ, ಪಕ್ಕಕ್ಕೆ ತುಟಿಯಿರುವ ಉದ್ದ ಹಿಡಿಯ ಸೌಟು. ಎಲ್ಲವೂ ಅವರ ತಂದೆಯ ಕೆಲಸದ ಸಾಮಾನು. ಪ್ಲಾಸ್ಟಿಕ್ ಪೈಪು ಬರುವ ಮೊದಲು ಎರಕದ ಕಬ್ಬಿಣದ ಪೈಪುಗಳನ್ನು ಕೂಡಿಸಲು ಸಂದಿಗೆ ನಾರು ತುರುಕಿ ಮೇಲೆ ಕರಗಿದ ಸೀಸ ಸುರಿಯುತ್ತಿದ್ದರು. ನಮ್ಮ ನಗರಗಳ ಹಳೆಯ ನೀರಿನ ಪೈಪುಗಳಿಗೂ ಸೀಸದ ಜಾಯಿಂಟೇ. ಪ್ಲಂಬರ್ ಎಂಬ ಹೆಸರು ಬಂದದ್ದೇ ಸೀಸಕ್ಕೆ ಲ್ಯಾಟಿನ್ನಿನಲ್ಲಿರುವ ಪ್ಲಂಬಂ ಎಂಬ ಮಾತಿನಿಂದ. ಊರಿನ ಪಾಯಿಖಾನೆಗಳನ್ನು ಜೋಡಿಸಿದ ಆ ಪಾತ್ರೆ ಈಗ ಗುಂಡಿಗೆ ಸೀಸ ಕರಗಿಸುತ್ತಿತ್ತು.

ಚೆನ್ನೈಯಲ್ಲಿರುವ ಓದುಗರಿಗೆ ಈಯದ ಚೊಂಬು ಗೊತ್ತು. ಸಾರು ಮಾಡುವ ತವರದ ಪಾತ್ರೆ; ನೀರಿಲ್ಲದೆ ಒಲೆಯ ಮೇಲಿಟ್ಟರೆ ಚೊಂಬೇ ಕರಗಿಹೋಗುತ್ತದೆ. ತವರ ಕರಗಲು 232 ಡಿಗ್ರಿ ಸಾಕು. ಸೀಸಕ್ಕೆ 327. ಅಂದರೆ ಅಡಿಗೆಮನೆಯ ಬೆಂಕಿ, ಕಬ್ಬಿಣದ ಬಾಣಲೆ, ಸೌಟು ಇದ್ದರೆ ಆಯಿತು. ಕುಲುಮೆ ಬೇಡ, ತಿದಿ ಬೇಡ. ಹಿತ್ತಲಿನಲ್ಲಿ ಹೆಂಗಸರು ಮಕ್ಕಳು ಯುದ್ಧಕ್ಕೆ ಬೇಕಾದ್ದನ್ನು ಮಾಡಲು ಸಾಧ್ಯವಾದದ್ದು ಸೀಸದ ಈ ಗುಣದಿಂದ.

ಅವರು ಮೊದಲು ಸೀಸದ ತುಂಡೊಂದನ್ನು ಉಗುರಿನಿಂದ ಗೀರಿ ತೋರಿಸಿದರು. ಗೀರು ಬಿದ್ದರೆ ಮೆತ್ತನೆಯ ಶುದ್ಧ ಸೀಸ, ಕೆಲಸಕ್ಕೆ ಬರುತ್ತದೆ. ಬೀಳದಿದ್ದರೆ ಬೇರೆ ಲೋಹ ಬೆರೆತಿದೆ. ಪ್ರತಿ ತುಂಡನ್ನೂ ಒಣಗಿದೆಯೇ ಎಂದು ಒರೆಸಿ ನೋಡಿಯೇ ಪಾತ್ರೆಗೆ ಹಾಕಿದರು. ಕರಗಿದ ಸೀಸದೊಳಗೆ ಒಂದು ಹನಿ ನೀರು ಸೇರಿದರೆ ಅದು ಆವಿಯಾಗಿ ಸಿಡಿದು ಪಾತ್ರೆಯಲ್ಲಿದ್ದದ್ದೆಲ್ಲ ಮುಖಕ್ಕೆ ಹಾರುತ್ತದೆ. ತುಂಡುಗಳು ಬೆಣ್ಣೆಯ ಹಾಗೆ ಜರುಗಿ ಕೂತು, ಒಮ್ಮೆಲೇ ಕನ್ನಡಿಯಂತಾದವು. ಚೂರು ಮೇಣ ಹಾಕಿ ಕಲಕಿದರು, ಬೂದುಬಣ್ಣದ ಕಿಟ್ಟ ಮೇಲೆ ಬಂತು, ಅದನ್ನು ಸೌಟಿನಿಂದ ತೆಗೆದು ಮುಚ್ಚಳದ ಡಬ್ಬಿಗೆ ಹಾಕಿ ಮುಚ್ಚಿದರು.

ಅಚ್ಚು ಇಕ್ಕಳದ ಆಕಾರದ್ದು. ಎರಡು ದವಡೆ, ಒಂದೊಂದರಲ್ಲೂ ಅರ್ಧ ಗೋಳದ ಗುಳಿ, ಮೇಲೆ ಸೀಸ ಸುರಿಯುವ ರಂಧ್ರ. ಸುರಿದು ನಾಲ್ಕೈದು ಸೆಕೆಂಡು ಕಾದು, ಮೇಲೆ ಉಳಿದ ಬಾಲವನ್ನು ತಟ್ಟಿ ಕತ್ತರಿಸಿ, ಬಾಯಿ ತೆರೆದರೆ ಗುಂಡು ದಪ್ಪ ಟವೆಲ್ಲಿನ ಮೇಲೆ ಉದುರುತ್ತದೆ. ಮೊದಲ ಹತ್ತು ಹನ್ನೆರಡು ಸುಕ್ಕುಸುಕ್ಕು. ಅಚ್ಚು ಇನ್ನೂ ತಣ್ಣಗಿದೆ ಎಂದರ್ಥ. ಮೊದಲ ದೋಸೆ ಹಂಚಿಗೆ ಅಂಟಿದ ಹಾಗೆ. ಅವನ್ನೆಲ್ಲ ತಿರುಗಿ ಪಾತ್ರೆಗೆ ಹಾಕಿದರು. ಅಚ್ಚು ಕಾದ ಮೇಲೆ ಒಂದೊಂದೂ ನುಣುಪಾಗಿ, ಹೊಳೆಯುತ್ತ ಬಂತು. ಅತಿಯಾಗಿ ಕಾದರೆ ಮೈಮೇಲೆ ಇಬ್ಬನಿ ಬಿದ್ದಂಥ ಮಂಕು. ಆಗ ಅಚ್ಚನ್ನು ಕ್ಷಣಕಾಲ ಆರಲು ಬಿಡಬೇಕು. ಕೊನೆಗೆ ಒಂದೊಂದನ್ನೂ ತಕ್ಕಡಿಯಲ್ಲಿಟ್ಟು ತೂಗಿದರು. ಹಗುರವಾಗಿದ್ದರೆ ಒಳಗೆ ಗಾಳಿಯ ಗುಳ್ಳೆ ಇದೆ, ಅಂಥ ಗುಂಡು ನೆಟ್ಟಗೆ ಹೋಗುವುದಿಲ್ಲ.

ಅವರ ಕೋವಿಯ ನಳಿಗೆಯ ಒಳಅಗಲ ಅರ್ಧ ಇಂಚು. ಗುಂಡು ಅದಕ್ಕಿಂತ ಕೂದಲೆಳೆಯಷ್ಟು ಚಿಕ್ಕದು. ಸುತ್ತ ಎಣ್ಣೆ ಸವರಿದ ಬಟ್ಟೆಯ ಚೂರು ಸೇರಿದರೆ ಬಿಗಿಯಾಗಿ ಕೂರುತ್ತದೆ. ಅಂದಿನ ಸೈನ್ಯದ ಕೋವಿಯ ಗುಂಡು ಇನ್ನೂ ದಪ್ಪ, ಒಂದೊಂದು ಔನ್ಸಿನ ಆಸುಪಾಸು ತೂಗುತ್ತಿತ್ತು. ಮದ್ದಿನ ಜೊತೆ ಕಾಗದದಲ್ಲಿ ಸುತ್ತಿದರೆ ಕಾರ್ತೂಸು. ವಾಲ್ಕಾಟರ ಪಟ್ಟಿಯಲ್ಲಿ ಎಣಿಸಿರುವುದು ಕಾರ್ತೂಸುಗಳನ್ನೇ. ಅಂದರೆ ಎರಕದ ಮೇಲೆ ಸುತ್ತುವ ಕೆಲಸವೂ ಇತ್ತು.

ಒಂದು ಗಂಟೆ ನೋಡಿದೆ. ಐವತ್ತು ವರ್ಷ ಕೈ ಪಳಗಿದ ಅವರು, ಒಂದೇ ಗುಳಿಯ ಅಚ್ಚಿನಲ್ಲಿ, ತೂಕಕ್ಕೆ ಸರಿಬಂದ 94 ಗುಂಡು ಮಾಡಿದರು. ಬೆನ್ನು ಹಿಡಿದುಕೊಂಡು ಕುರ್ಚಿಗೆ ಕೂತರು. ನಾನು ಮನಸ್ಸಿನಲ್ಲೇ ಗುಣಿಸಿದೆ. ಆ ಹಿತ್ತಲಿನಲ್ಲಿ ಒಮ್ಮೆಗೆ ಹಲವು ಗುಂಡು ಹೊಯ್ಯುವ ಅಚ್ಚೇ ಇತ್ತೆಂದುಕೊಳ್ಳೋಣ, ಕೆಲಸವನ್ನು ಹಂಚಿಕೊಂಡೇ ಮಾಡಿದರೆಂದುಕೊಳ್ಳೋಣ. ಆದರೂ ಮೇರಿ ಆನ್ ಪಾಲಿಗೆ ಬಂದ ಸೀಸದ ತೂಕ 300 ಕಿಲೋ. ಹನ್ನೊಂದು ವರ್ಷದ ಹುಡುಗಿ.

ನಾವು ಮಾತಾಡುತ್ತಿದ್ದಾಗ ಅವರ ಮೊಮ್ಮಗಳು ಸೈಕಲ್ಲಿನಲ್ಲಿ ಅತ್ತ ಬಂದಳು. ಒಂಬತ್ತು ಹತ್ತು ವರ್ಷವಿರಬಹುದು. ಅವರು ಕೂತಲ್ಲಿಂದಲೇ ಕೈ ಎತ್ತಿ, "ಗೆರೆ ದಾಟಬೇಡ" ಎಂದರು. ನೋಡಿದರೆ ಕಾಂಕ್ರೀಟಿನ ಮೇಲೆ ನಿಜಕ್ಕೂ ಹಳದಿ ಬಣ್ಣದ ಗೆರೆ ಎಳೆದಿತ್ತು. ಸೀಸ ಇರುವ ಕಡೆ ಮಕ್ಕಳು ಬರಕೂಡದು ಎಂಬುದು ಅವರ ಮನೆಯ ಕಾನೂನು. ಕೈಗವಸು ಕಳಚಿ, ಮೊಣಕೈವರೆಗೆ ಸೋಪು ಹಾಕಿ ತೊಳೆದು, ಅಂಗಿ ಬದಲಿಸಿಯೇ ಅವರು ಮೊಮ್ಮಗಳ ಹತ್ತಿರ ಹೋದದ್ದು. "ಹೊಗೆಗಿಂತ ಕೈಯದೇ ಭಯ. ಕಿಟ್ಟದ ಪುಡಿ ಕೈಗೆ ಹತ್ತುತ್ತದೆ, ಕೈ ಬಾಯಿಗೆ ಹೋಗುತ್ತದೆ" ಎಂದರು. ವರ್ಷಕ್ಕೊಮ್ಮೆ ತಮ್ಮ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿಕೊಳ್ಳುತ್ತಾರಂತೆ. ತಂದೆ ಇದೇ ಪಾತ್ರೆಯ ಪಕ್ಕದಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದರು, ಅವರಿಗೆ ಯಾರೂ ಹೇಳಿರಲಿಲ್ಲ ಎಂದರು.

ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಸೀಸವನ್ನು ಹೀರುತ್ತದೆ. ಒಳಗೆ ಹೋದದ್ದು ಮೂಳೆಯಲ್ಲಿ ಸೇರಿ ವರ್ಷಗಟ್ಟಲೆ ಉಳಿಯುತ್ತದೆ. ಬೆಳೆಯುವ ಮೆದುಳಿಗೆ ಇಷ್ಟಾದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲ. ಇದನ್ನು ನಮ್ಮ ದೇಶಕ್ಕೆ ತಿಳಿಹೇಳಲು ಹೆಣಗಿದವರಲ್ಲಿ ಮುಖ್ಯರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್. 1990ರ ದಶಕದ ಕೊನೆಗೆ ಜಾರ್ಜ್ ಫೌಂಡೇಶನ್ ಜೊತೆ ಅವರು ಕೈಗೂಡಿಸಿದ ಸಮೀಕ್ಷೆ ಬೆಂಗಳೂರು, ಮುಂಬಯಿ, ಚೆನ್ನೈ, ಹೈದರಾಬಾದ್, ದೆಹಲಿಯಂಥ ನಗರಗಳ ಮಕ್ಕಳ ರಕ್ತ ತೆಗೆದು ನೋಡಿತು. ಅರ್ಧದಷ್ಟು ಮಕ್ಕಳಲ್ಲಿ ಸೀಸ ಅಂದಿನ ಮಿತಿಯನ್ನು ಮೀರಿತ್ತು. 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ದೇಶದಲ್ಲೆಲ್ಲ ನಿಂತಿತು. ನಿಲ್ಲದ್ದೂ ಇದೆ. ಇನ್‌ವರ್ಟರಿನ, ಆಟೋದ ಹಳೆಯ ಬ್ಯಾಟರಿ ಗುಜರಿಗೆ ಹೋಗುತ್ತದೆ. ಅಲ್ಲಿಂದ ಎಷ್ಟೋ ಬ್ಯಾಟರಿಗಳು ಲೈಸೆನ್ಸಿಲ್ಲದ ಯಾವುದೋ ಹಿತ್ತಲಿಗೆ. ಅಲ್ಲಿ ಒಡೆದು, ಅದೇ ಬಗೆಯ ಬಾಣಲೆಯಲ್ಲಿ, ಅದೇ ಬಗೆಯ ಸೌಟಿನಿಂದ ಸೀಸ ಕರಗಿಸುತ್ತಾರೆ. ಹಳದಿ ಗೆರೆ ಇರುವುದಿಲ್ಲ. ಮಕ್ಕಳು ಅಲ್ಲೇ ಆಡುತ್ತಿರುತ್ತಾರೆ. ಯುನಿಸೆಫ್ ಮತ್ತು ಪ್ಯೂರ್ ಅರ್ತ್ 2020ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸ ಚಿಂತೆಯ ಮಟ್ಟದಲ್ಲಿದೆ, ಅವರಲ್ಲಿ ಬಹಳ ಮಂದಿ ನಮ್ಮ ದೇಶದವರು.

ಮರುದಿನ ಇನ್ನೊಮ್ಮೆ ಲಿಚ್‌ಫೀಲ್ಡಿಗೆ ಹೋದೆ. ಬಯಲಿನ ಬದಿಯ ಪುಟ್ಟ ಮ್ಯೂಸಿಯಂ ನೋಡುವುದು ಉಳಿದಿತ್ತು. ಗಾಜಿನೊಳಗಿನ ಹಳೆಯ ವಸ್ತುಗಳನ್ನು ನೋಡುತ್ತ ನನಗೆ ಎಣಿಕೆಯ ಆ ಪಟ್ಟಿಯೇ ನೆನಪಾಗುತ್ತಿತ್ತು. ವಾಲ್ಕಾಟರು ಮುಂದೆ ರಾಜ್ಯದ ಗವರ್ನರ್ ಆದರು. 936ಕ್ಕೆ ನಿಲ್ಲಿಸಿದ ಫ್ರೆಡರಿಕ್ ದೊಡ್ಡವನಾಗಿ ನ್ಯಾಯಾಧೀಶನಾದ. ಮೇರಿ ಆನ್ ಚಾನ್ಸಿ ಗುಡ್ರಿಚ್ ಎಂಬ ಸೆನೆಟರನ ಹೆಂಡತಿಯೆಂದು ದಾಖಲೆಗಳಲ್ಲಿ ಬರುತ್ತಾಳೆ. ಎಲ್ಲರಿಗಿಂತ ಹೆಚ್ಚು, 11,592, ಮಾಡಿದ ರೂತ್ ಮಾರ್ವಿನಳ ಹೆಸರು ನಾನು ಓದಿದ ಕಡೆಯೆಲ್ಲ ಈ ಪಟ್ಟಿಯ ಜೊತೆಗೇ ಬಂದು ಅಲ್ಲೇ ಮುಗಿಯುತ್ತದೆ. ಗುಂಡುಗಳ ಲೆಕ್ಕ ಬರೆಯದೆ ಹೋಗಿದ್ದರೆ ಅದೂ ಇರುತ್ತಿರಲಿಲ್ಲ.

ಆ ಗುಂಡುಗಳು ಯಾರ ಮೈಗೆ ಹೊಕ್ಕವೋ ಅವರ ಪಟ್ಟಿಯನ್ನು ಯಾರೂ ಇಡಲಿಲ್ಲ. ಕೈಯಲ್ಲಿ ಹತ್ತಿದ ಸೀಸ ಆ ಹುಡುಗಿಯರ ಮೈಗೆ ಎಷ್ಟು ಸೇರಿತೆಂಬ ಲೆಕ್ಕವನ್ನು ಆ ಕಾಲಕ್ಕೆ ಇಡಲು ಬರುತ್ತಿರಲಿಲ್ಲ. ಈಗ ಬರುತ್ತದೆ. ಒಂದು ರಕ್ತಪರೀಕ್ಷೆ, ಕೆಲವು ನೂರು ಅಥವಾ ಸಾವಿರ ರೂಪಾಯಿಯ ವಿಷಯ. ಹಿಂತಿರುಗಿ ಪುಣೆಗೆ ಬಂದಾಗ ಮನೆಯ ಇನ್‌ವರ್ಟರಿನ ಬ್ಯಾಟರಿ ಸತ್ತಿತ್ತು. ಗುಜರಿಯವನು ಬಾಗಿಲಿಗೇ ಬಂದು ಹೆಚ್ಚು ಬೆಲೆ ಹೇಳಿದ. ಎಲ್ಲಿಗೆ ಒಯ್ಯುತ್ತೀಯಪ್ಪ ಎಂದು ಕೇಳಿದೆ. "ಇದೇ, ಇಲ್ಲೇ ಹಿಂದುಗಡೆ" ಎಂದು ಕೈ ತೋರಿಸಿದ. ಹೊಸ ಬ್ಯಾಟರಿ ಕೊಂಡ ಅಂಗಡಿಗೇ ಹಳೆಯದನ್ನು ಒಪ್ಪಿಸಿ ರಸೀದಿ ಪಡೆದೆ. ಇನ್ನೂರು ರೂಪಾಯಿ ಕಡಿಮೆ ಬಂತು.